ಕಿಟಕಿಯಾಚೆಯ ಗುಮಾಸ್ತ

ಭದ್ರಾವತಿಯ ಕಾಗದನಗರಕ್ಕೆ ಆ ಹೆಸರು ಬಂದುದು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದ. 1980ರ ದಶಕದಲ್ಲಿ ಪತ್ರಿಕೆಗಳ ಮುದ್ರಣ ಕಾಗದವೂ ಅಲ್ಲಿಂದ ಹೊರಟಿತು. 2015ರಲ್ಲಿ ಉತ್ಪಾದನೆ ನಿಂತಿತು. ಆ ಯಂತ್ರಗಳು ಓಡುತ್ತಿದ್ದ ಬಹುಕಾಲ, ರೈತನ ಹೊಲದ ಒಡೆತನವೂ ಕಾಗದದಲ್ಲೇ ಇತ್ತು. ಆ ಕಾಗದ ಮೊದಲು ಶಾನುಭೋಗರ ಮನೆಯಲ್ಲಿ, ಆಮೇಲೆ ಗ್ರಾಮ ಲೆಕ್ಕಿಗರ ಕೈಯಲ್ಲಿ. ಪಹಣಿ ಬೇಕೆಂದರೆ ಅವರು ಸಿಗಬೇಕು. ಸಿಕ್ಕರೆ ಮನಸ್ಸು ಮಾಡಬೇಕು.

ಇದನ್ನು ಬದಲಿಸಿದ್ದು ಕರ್ನಾಟಕದ ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಕ್ಕೆ ಇಳಿದವು. 2000ದ ಸುಮಾರಿಗೆ ತಾಲ್ಲೂಕು ಕಚೇರಿಗಳಲ್ಲಿ ಕಿಟಕಿಗಳು ತೆರೆದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟನ್ನು ತಂತ್ರಾಂಶವೇ ಹಾಕಿತು. ಪರಿಚಯ, ವಶೀಲಿಗಳಿಗೆ ಬಿದ್ದ ಪೆಟ್ಟು ಸಣ್ಣದೇನಲ್ಲ.

ಮುಂದೆ ಕಿಟಕಿಯ ಎದುರು ಮನುಷ್ಯನ ಬದಲು ಇನ್ನೊಂದು ಗಣಕವೇ ಬಂದು ನಿಂತಿತು. ಜಮೀನು ಮಾರಾಟವಾದಾಗ ಉಪನೋಂದಣಾಧಿಕಾರಿ ಕಚೇರಿಯಿಂದ ತಾಲ್ಲೂಕು ಕಚೇರಿಗೆ ‘ಜೆ ಸ್ಲಿಪ್’ ಎಂಬ ಚೀಟಿ ಹೋಗುತ್ತಿತ್ತು. ನೋಂದಣಿಯ ‘ಕಾವೇರಿ’ ತಂತ್ರಾಂಶವನ್ನು ‘ಭೂಮಿ’ಗೆ ಜೋಡಿಸಿದ ಮೇಲೆ ಆ ಸುದ್ದಿ ತಂತಿಯಲ್ಲೇ ಸಾಗಿತು. ಒಂದು ತಂತ್ರಾಂಶ ಇನ್ನೊಂದನ್ನು ಕೇಳುವುದಕ್ಕೆ ಗೊತ್ತುಪಡಿಸಿದ ಇಂಥ ರೀತಿಗೆ ಎಪಿಐ ಎಂದು ಹೆಸರು. ಅಂತರ್ಜಾಲದ ರೂಢಿಯಲ್ಲಿ ನಡೆದರೆ ಅದು ವೆಬ್ ಎಪಿಐ. ಉತ್ತರ ಕೊಡುವ ಗಣಕ ಸರ್ವರ್.

ಇಂದು ಇಂಥ ಸರ್ವರ್ ಕಟ್ಟಲು ಹೊಸಬರು ಹೆಚ್ಚಾಗಿ ಹಿಡಿಯುವ ಭಾಷೆಗಳಲ್ಲಿ ಜಾವಾಸ್ಕ್ರಿಪ್ಟ್ ಒಂದು. ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನಗಳಲ್ಲಿ ಅದರ ಮೊದಲ ರೂಪವನ್ನು ಸಿದ್ಧಪಡಿಸಿದ್ದು ಬ್ರೌಸರಿನ ಪುಟಗಳಿಗೆ ಚುರುಕು ತರಲೆಂದು. 2009ರಲ್ಲಿ ರಯಾನ್ ಡಾಲ್ ‘ನೋಡ್’ ಮೂಲಕ ಅದಕ್ಕೆ ಸರ್ವರಿನ ಕೆಲಸ ಕೊಟ್ಟರು. ‘ಭೂಮಿ’ಗೂ ಇದಕ್ಕೂ ನೇರ ನಂಟಿಲ್ಲ. ಆದರೂ ತಾಲ್ಲೂಕು ಕಚೇರಿ ಕಂಡವರಿಗೆ ನೋಡ್‌ನ ಗುಟ್ಟು ಸುಲಭವಾಗಿ ತಿಳಿದೀತು. ಹಳೆಯ ಬಗೆಯ ಅನೇಕ ಸರ್ವರುಗಳಲ್ಲಿ ಪ್ರತಿ ಅರ್ಜಿದಾರನಿಗೂ ಒಬ್ಬೊಬ್ಬ ಗುಮಾಸ್ತ. ಕಡತ ಬರುವ ತನಕ ಅವನು ಸುಮ್ಮನೆ ನಿಂತಿರಬೇಕು. ನೋಡ್‌ನಲ್ಲಿ ಒಬ್ಬನೇ ಗುಮಾಸ್ತ. ಜವಾನನನ್ನು ದಾಖಲೆ ಕೊಠಡಿಗೆ ಅಟ್ಟಿ ಮುಂದಿನವರನ್ನು ಕರೆಯುತ್ತಾನೆ. ಕಡತ ಬಂದಾಗ ಮೊದಲಿನವರಿಗೆ ಉತ್ತರಿಸುತ್ತಾನೆ. ಅವನೇ ದೊಡ್ಡ ಲೆಕ್ಕವೊಂದಕ್ಕೆ ಕೂತನೋ, ಇಡೀ ಸಾಲು ಕಾಯಬೇಕು!

ಸರಳ ಸರ್ವರಿಗೆ ಹತ್ತು ಹದಿನೈದು ಸಾಲು ಸಾಕು. 3000ದಂಥ ಒಂದು ಸಂಖ್ಯೆಯ ಬಾಗಿಲಲ್ಲಿ ಅದು ಕಿವಿಗೊಟ್ಟು ಕೂರುತ್ತದೆ. ‘ಪಹಣಿ, ಸರ್ವೆ ನಂಬರ್ 42’ ಎಂದು ಕೋರಿಕೆ ಬಂದರೆ, ಕೇಳಿದ್ದು ಸರಿಯಾದ ಸಂಖ್ಯೆಯೇ, ಕೇಳುವವರಿಗೆ ಅಧಿಕಾರವಿದೆಯೇ ಎಂದು ನೋಡಬೇಕು. ದಾಖಲೆ ಇದ್ದರೆ ಅದನ್ನು ‘ಜೇಸನ್’ ಎಂಬ, ಹೆಸರು–ವಿವರಗಳ ಜೋಡಿಪಟ್ಟಿಯಲ್ಲಿ ಕೊಟ್ಟು 200 ಎಂಬ ಸಂಕೇತ ಸೇರಿಸುತ್ತದೆ. ಇಲ್ಲದಿದ್ದರೆ 404, ಅಧಿಕಾರವಿಲ್ಲದಿದ್ದರೆ 403. ಅಧಿಕಾರದ ಪ್ರಶ್ನೆಯನ್ನು ಬರೆಯಲು ಮರೆತರೆ ಊರಿನವರೆಲ್ಲರ ವಿವರವೂ ಕೇಳಿದವರ ಪಾಲು.

200 ಎಂದರೆ ದಾಖಲೆ ಸಿಕ್ಕಿತು ಎಂದಷ್ಟೇ. ಅದು ನಿಜ ಎಂದಲ್ಲ. ಕೈಬರಹದಿಂದ ಗಣಕಕ್ಕೆ ಇಳಿಯುವಾಗ ಒಡೆಯನ ಹೆಸರಿನ ಒಂದಕ್ಷರ ತಪ್ಪಿದ್ದರೆ, ಸರ್ವರ್ ಆ ತಪ್ಪನ್ನೇ ಕ್ಷಣಾರ್ಧದಲ್ಲಿ ಕೊಡುತ್ತದೆ. ಆಗ ರೈತ ತಿದ್ದುಪಡಿಗೆ ತಹಸೀಲ್ದಾರರಿಗೆ ಅರ್ಜಿ ಹಾಕಬೇಕು. ಜೊತೆಗಿಡುವ ಸಾಕ್ಷ್ಯ ಸಾಮಾನ್ಯವಾಗಿ ಹಳೆಯ ಕೈಬರಹದ ಪಹಣಿ.