ಕೈ ಮುಟ್ಟದೆ ಕ್ಲಿಕ್

ನಾಗಾಲೋಟದ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ? ಬರಿಗಣ್ಣಿಗೆ ಬಗೆಹರಿಯದ ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ರೈಲ್ವೆ ಧಣಿ ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್, ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್‌ನ ಬೆನ್ನಿಗೆ ನಿಂತ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಓಟದ ಹಾದಿಯ ಪಕ್ಕ 12 ಕ್ಯಾಮೆರಾಗಳು ಸಾಲಾಗಿ ಕೂತವು. ಹಾದಿಗೆ ಅಡ್ಡಲಾಗಿ ದಾರಗಳು. ಸ್ಯಾಲಿ ಗಾರ್ಡ್ನರ್ ಎಂಬ ಹೆಣ್ಣು ಕುದುರೆ ಓಡಿ ಬಂದು ಒಂದೊಂದೇ ದಾರ ಹರಿದಂತೆ ಒಂದೊಂದೇ ಶಟರ್ ಬಿತ್ತು. ಗಾಡಿ ಕಟ್ಟಿದ ಕುದುರೆಗೆ ಬೇರೆ ಏರ್ಪಾಡು: ನೆಲದ ತಂತಿಯ ಮೇಲೆ ಚಕ್ರ ಹಾದರೆ ಸಾಕು, ವಿದ್ಯುತ್ ಹರಿದು ಶಟರ್ ಕಳಚುತ್ತಿತ್ತು.

ಪತ್ರಕರ್ತರ ಎದುರಿಗೇ ನಡೆದ ಓಟದಲ್ಲಿ ಸ್ಯಾಲಿಯ ಜೀನಿನ ಪಟ್ಟಿ ಕಿತ್ತುಹೋಯಿತು. ತೊಳೆದು ತೆಗೆದ ಗಾಜಿನ ಫಲಕದಲ್ಲಿ ಆ ಪಟ್ಟಿಯೂ ಮೂಡಿತ್ತು. ಚಿತ್ರ ತಿದ್ದಿದ್ದಾರೆ ಎನ್ನಲು ಅಲ್ಲಿದ್ದವರಿಗೆ ದಾರಿ ಉಳಿಯಲಿಲ್ಲ.

ಕುದುರೆ ಬರುವ ಹಾದಿಯಾದರೂ ಗೊತ್ತಿತ್ತು. ಕಾಸ್ಮಿಕ್ ಕಿರಣ ಯಾವ ಗಳಿಗೆಯಲ್ಲಿ ಬರುತ್ತದೆಂದು ಹೇಳುವವರಿಲ್ಲ. ಕಣ ಹಾದ ಜಾಡನ್ನು ಮಂಜಿನ ಗೆರೆಯಾಗಿ ತೋರುವ ಕ್ಲೌಡ್ ಚೇಂಬರಿನ ಚಿತ್ರವನ್ನು ಅಂದಾಜಿನ ಮೇಲೆ ತೆಗೆದರೆ ಬಹುಪಾಲು ಖಾಲಿಯೇ. 1932ರಲ್ಲಿ ಕೇಂಬ್ರಿಜ್‌ನ ಪ್ಯಾಟ್ರಿಕ್ ಬ್ಲಾಕೆಟ್ ಮತ್ತು ಜುಸೆಪ್ಪೆ ಒಕಿಯಾಲಿನಿ ಚೇಂಬರಿನ ಮೇಲೊಂದು, ಕೆಳಗೊಂದು, ಕಣ ಹಾದರೆ ಮಿಡಿಯುವ ಗೈಗರ್ ಕೌಂಟರ್ ಇಟ್ಟರು. ಎರಡೂ ಒಟ್ಟಿಗೆ ಮಿಡಿದರೆ ಮಾತ್ರ ಯಂತ್ರ ಚಾಲೂ ಆಗಿ ಚಿತ್ರ ಬೀಳುತ್ತಿತ್ತು. ಕಣವೇ ತನ್ನ ಫೋಟೊ ತೆಗೆಸಿಕೊಂಡಂತಾಯಿತು.

ಇದೇ ಉಪಾಯ ಕೋಲಾರದ ಚಿನ್ನದ ಗಣಿಗೂ ಇಳಿಯಿತು. ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಸಾಕಾ ಮತ್ತು ಡರ್ಹ್ಯಾಮ್‌ನವರ ಜೊತೆ ನ್ಯೂಟ್ರಿನೊ ಹುಡುಕುತ್ತಿದ್ದರು. ತಂಡದಲ್ಲಿ ಎಂ.ಜಿ.ಕೆ. ಮೆನನ್ ಇದ್ದರು, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ಅಷ್ಟು ದಪ್ಪ ಬಂಡೆ ಮಿಕ್ಕ ಕಾಸ್ಮಿಕ್ ಕಣಗಳನ್ನು ಬಹುಮಟ್ಟಿಗೆ ಮೇಲೆಯೇ ತಡೆಯುತ್ತದೆ. ನ್ಯೂಟ್ರಿನೊಗೆ ಅದು ಲೆಕ್ಕಕ್ಕಿಲ್ಲ. ಅಪರೂಪಕ್ಕೊಂದು ನ್ಯೂಟ್ರಿನೊ ಬಂಡೆಗೆ ಬಡಿದಾಗ ಮ್ಯುಯಾನ್ ಎಂಬ ಕಣ ಹೊರಡುತ್ತದೆ. ಗಣಿಯಲ್ಲಿ ಎದುರುಬದುರಾಗಿ ನಿಲ್ಲಿಸಿದ, ಕಣ ಹಾದರೆ ಬೆಳಕು ಸೂಸುವ ಎರಡು ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳು, ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಮ್ಯುಯಾನ್ ಎರಡೂ ಗೋಡೆ ದಾಟಿದರೆ ಕೊಳವೆಗಳಿಗೆ ಹೆಚ್ಚಿನ ವೋಲ್ಟೇಜ್ ಹಾಯುತ್ತಿತ್ತು. ಕಣ ಹಾದ ಕೊಳವೆಗಳು ಮಾತ್ರ ಮಿನುಗುತ್ತಿದ್ದವು. ಕ್ಯಾಮೆರಾದ ಫಿಲ್ಮಿನಲ್ಲಿ ಅದರ ಜಾಡು ದಾಖಲಾಗುತ್ತಿತ್ತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಇಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು.

ಇಂದಿನ ಕಾರ್ಖಾನೆಯ ಡಿಜಿಟಲ್ ಕ್ಯಾಮೆರಾಗಳು ಫಿಲ್ಮ್ ಬಿಟ್ಟರೂ ಈ ಕ್ರಮ ಬಿಟ್ಟಿಲ್ಲ. ಬಾಟಲಿ ತುಂಬುವ ಲೈನಿನಲ್ಲಿ ಬಾಟಲಿ ಬಂದು ಬೆಳಕಿನ ಸೆನ್ಸರ್‌ಗೆ ಅಡ್ಡವಾದೊಡನೆ ಟ್ರಿಗರ್ ಸಂಕೇತ ತಂತಿಯಲ್ಲಿ ನೇರ ಕ್ಯಾಮೆರಾಕ್ಕೆ ಹೋಗುತ್ತದೆ. ನೂರು ಕೆಲಸದ ನಡುವೆ ಇರುವ ಕಂಪ್ಯೂಟರ್ ಮೂಲಕ ಕಳಿಸಿದರೆ ಎಷ್ಟು ತಡವಾಗುತ್ತದೆಂಬ ಭರವಸೆಯಿಲ್ಲ. ಬೆಲ್ಟ್ ಸೆಕೆಂಡಿಗೆ 1 ಮೀಟರ್ ಸಾಗುತ್ತಿದ್ದರೆ, 10 ಮಿಲಿಸೆಕೆಂಡ್ ಏರುಪೇರಾದರೂ ಬಾಟಲಿ 1 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಬೆಲ್ಟಿನ ವೇಗವೇ ಹೆಚ್ಚುಕಮ್ಮಿ ಆಗುವ ಕಡೆ ಗಡಿಯಾರವನ್ನೂ ನಂಬುವುದಿಲ್ಲ. ರೋಲರಿಗೆ ಕೂಡಿಸಿದ ಎನ್‌ಕೋಡರ್, ಬೆಲ್ಟ್ ಸಾಗಿದ ದೂರವನ್ನೇ ಎಣಿಸಿ ಕ್ಯಾಮೆರಾಕ್ಕೂ ಫ್ಲಾಷ್‌ಗೂ ಒಟ್ಟಿಗೆ ಸೂಚನೆ ಕೊಡುತ್ತದೆ.