ಯಂತ್ರದ ಲೆಕ್ಕ, ಮನುಷ್ಯರ ಲೆಕ್ಕ

ಸಕಲೇಶಪುರದ ಕಡೆ ಬಿಳಿ ದೊರೆಯೊಬ್ಬ ತೋಟ ಮಾರಿ ತನ್ನ ಸೀಮೆಗೆ ಹೊರಟಾಗ ನಮ್ಮಜ್ಜಿಗೆ ಹತ್ತೋ ಹನ್ನೊಂದೋ ವಯಸ್ಸು. ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಸಿಕ್ಕಿಬಿದ್ದು ಆಲೂರು ಕಡೆಯಿಂದ ಹೋಗಿ ಲೈನು ಮನೆ ಸೇರಿದ್ದ ಸಂಸಾರ ಅದು. ಹೊಸ ಸಾವ್ಕಾರರು ಬಂದರು. ರೈಟ್ರು ದಪ್ಪ ಪುಸ್ತಕ ಹಿಡಿದು ತೋಟವೆಲ್ಲ ಸುತ್ತಿದ.

"ಕಾಫಿ ಗಿಡ ಎಣಿಸಿದ್ರು ಕಣ್ಲಾ, ಪಲ್ಪರ್ ಮಿಷನ್ನು ಬರಕಂಡ್ರು, ಎತ್ತು ಎಣಿಸಿದ್ರು, ಕಣ ಅಳೆದ್ರು. ಲೈನಲ್ಲಿ ಎಷ್ಟು ಒಲೆ ಉರೀತವೆ ಅಂತ ಒಬ್ರೂ ಕೇಳ್ನಿಲ್ಲ."

ಅಜ್ಜಿ ಇದನ್ನು ನಗುತ್ತಲೇ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವನು ನಾನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಕಾರ್ಖಾನೆಗಳನ್ನು ಬಿಚ್ಚಿ ಹಂಚಿಕೊಂಡ ಕಥೆಯನ್ನು ಕಾಲೇಜಿನ ಲೈಬ್ರರಿಯಲ್ಲಿ ಓದುವಾಗ ಆ ನಗು ನೆನಪಾಯಿತು. ಎಲ್ಲಿಯ ಜರ್ಮನಿ, ಎಲ್ಲಿಯ ಸಕಲೇಶಪುರದ ಲೈನು ಮನೆ ಅಂತ ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ.

1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಕೂತರು. ಸೋತ ಜರ್ಮನಿಯಿಂದ ಯುದ್ಧ ಪರಿಹಾರ ಎಷ್ಟು ವಸೂಲು ಮಾಡಬೇಕು? 2,000 ಕೋಟಿ ಡಾಲರ್, ಅದರಲ್ಲಿ ಅರ್ಧ ರಷ್ಯಕ್ಕೆ, ಎಂಬುದು ಚರ್ಚೆಗೆ ಇಟ್ಟುಕೊಂಡ ಅಂಕಿ. ಬ್ರಿಟನ್ ಅದಕ್ಕೂ ಒಪ್ಪಲಿಲ್ಲ. ಮೊದಲನೆಯ ಯುದ್ಧದ ನಂತರ ನಗದು ಕೇಳಿ ಕೈಸುಟ್ಟುಕೊಂಡಿದ್ದರು. ಹಾಗಾಗಿ ಈ ಸಲ ದುಡ್ಡು ಬೇಡ, ವಸ್ತುವೇ ಬೇಕು ಎಂದರು. ಆಗಸ್ಟಿನ ಪಾಟ್ಸ್‌ಡ್ಯಾಮ್ ಒಪ್ಪಂದದಲ್ಲಿ ಯಾರ ವಲಯದಲ್ಲಿ ಇರುವುದನ್ನು ಅವರವರೇ ಬಿಚ್ಚಿಕೊಳ್ಳುವುದು ಎಂದಾಯಿತು. ಪಶ್ಚಿಮ ವಲಯಗಳಲ್ಲಿ ಬೇಡವಾದ ಯಂತ್ರಗಳಲ್ಲಿ ಶೇಕಡಾ 10ನ್ನು ರಷ್ಯಕ್ಕೆ ಬಿಟ್ಟಿ ಕೊಡುವುದು, ಇನ್ನು ಶೇಕಡಾ 15ನ್ನು ದವಸ, ಕಲ್ಲಿದ್ದಲಿಗೆ ಬದಲಾಗಿ ಕೊಡುವುದು. 1946ರ ಮಾರ್ಚಿನಲ್ಲಿ ಇನ್ನೊಂದು ಲೆಕ್ಕ ಬಂತು: ಜರ್ಮನಿ ವರ್ಷಕ್ಕೆ 58 ಲಕ್ಷ ಟನ್‌ಗಿಂತ ಹೆಚ್ಚು ಉಕ್ಕು ತಯಾರಿಸಕೂಡದು. ಮಿಕ್ಕ ಕಾರ್ಖಾನೆಗಳ ಬೋಲ್ಟು ಬಿಚ್ಚಿ, ನಂಬರು ಬರೆದು, ಸಾಗಿಸುವ ಕೆಲಸ.

ಈ ಹಂಚಿಕೆಯಲ್ಲಿ ನಾವೂ ಇದ್ದೆವು. ಅಂದರೆ ನಮ್ಮ ಹೆಸರಿತ್ತು. 1946ರ ಜನವರಿಯ ಪ್ಯಾರಿಸ್ ಒಪ್ಪಂದದ 18 ದೇಶಗಳಲ್ಲಿ ಇಂಡಿಯಾ ಒಂದು, ಇನ್ನೂ ಬ್ರಿಟಿಷರ ಕೈಕೆಳಗಿನ ಇಂಡಿಯಾ. ಕಾರ್ಖಾನೆ ಯಂತ್ರ, ಹಡಗುಗಳಲ್ಲಿ ಬ್ರಿಟನ್ನಿಗೆ ಶೇಕಡಾ 27.8, ನಮಗೆ 2.9. ಉಳಿದ ಆಸ್ತಿಗಳಲ್ಲಿ ಅವರಿಗೆ 28, ನಮಗೆ 2. ದೇಶ ಒಡೆದ ಮೇಲೆ ಅದರಲ್ಲೂ ಪಾಕಿಸ್ತಾನಕ್ಕೊಂದು ಪಾಲು. ಈ ಯುದ್ಧಕ್ಕೆ ನಮ್ಮ ನೆಲದಿಂದ 25 ಲಕ್ಷ ಸೈನಿಕರು ಹೋಗಿದ್ದರು. ಸತ್ತವರು ಸುಮಾರು 87,000. 1943ರಲ್ಲಿ ಬಂಗಾಳದಲ್ಲಿ ಅನ್ನವಿಲ್ಲದೆ ಬಿದ್ದ ಹೆಣಗಳು ಲಕ್ಷಗಟ್ಟಲೆ. 2.9ರಲ್ಲಿ ಅವರದೆಷ್ಟು? ಅಂಥ ಕಲಮೇ ಅಲ್ಲಿಲ್ಲ. ಪಾಲು ಸರ್ಕಾರದ್ದು.

ಅದೇ ಒಪ್ಪಂದದಲ್ಲಿ ಇನ್ನೊಂದು ಷರತ್ತು: ದೇಶಕ್ಕೆ ಸಿಕ್ಕ ಈ ಪಾಲಿನಲ್ಲೇ ಆ ದೇಶದ ಪ್ರಜೆಗಳು ಜರ್ಮನ್ ಸರ್ಕಾರದ ಮೇಲೆ ಕೇಳಬಹುದಾದದ್ದೂ ಸೇರಿಹೋಯಿತು. ಸಾವ್ಕಾರನಿಗೆ ಬಾಕಿ ಸಂದಾಯವಾದರೆ ಕೂಲಿಯವನಿಗೂ ಸಂದಾಯವಾದಂತೆ! ನಿಜ, ಹಿಂದಿರುಗಲು ದೇಶವೇ ಇಲ್ಲದ ಸಂತ್ರಸ್ತರಿಗೆಂದು 2.5 ಕೋಟಿ ಡಾಲರ್ ತೆಗೆದಿಟ್ಟರು. ಆದರೆ 1944ರಲ್ಲಿ ಜರ್ಮನಿಯ ಗಣಿ, ಕಾರ್ಖಾನೆ, ಹೊಲಗಳಲ್ಲಿ ದುಡಿಯುತ್ತಿದ್ದ ಪರದೇಶದ ಕೆಲಸಗಾರರೇ 76 ಲಕ್ಷ. ಹೆಚ್ಚಿನವರು ಹಿಡಿದು ತಂದವರು.

ಅದೇ ತಿಂಗಳುಗಳಲ್ಲಿ ದೆಹಲಿಯಲ್ಲಿ ಬೇರೊಂದು ಲೆಕ್ಕ ನಡೆದಿತ್ತು. ವೈಸರಾಯ್ ಕೌನ್ಸಿಲಿನ ಕಾರ್ಮಿಕ ಖಾತೆ ಬಾಬಾಸಾಹೇಬ ಅಂಬೇಡ್ಕರರ ಕೈಲಿತ್ತು. ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ಇಳಿಸಿದ ಕಾಯ್ದೆ 1946ರದ್ದೇ. ಅವರು ಎಣಿಸಿದ್ದು ಯಂತ್ರವನ್ನಲ್ಲ, ಯಂತ್ರದ ಮುಂದೆ ನಿಂತವನ ಗಂಟೆಗಳನ್ನು.

ಜರ್ಮನಿಯಲ್ಲಿ ಬಿಚ್ಚುವ ಕೆಲಸ ಬಹುಕಾಲ ನಡೆಯಲಿಲ್ಲ. 1946ರ ಮೇ ತಿಂಗಳಲ್ಲೇ ಅಮೆರಿಕದ ಜನರಲ್ ಕ್ಲೇ ತನ್ನ ವಲಯದಿಂದ ಸಾಗಣೆ ನಿಲ್ಲಿಸಿದ. ರಷ್ಯದ ಮೇಲಿನ ಜಿದ್ದು ಬೆಳೆದಂತೆ ನಿನ್ನೆಯ ವೈರಿಯ ಉಕ್ಕು ಇವತ್ತು ಬೇಕಾಯಿತು. 1947ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಲಯಗಳ ಪಟ್ಟಿಯಲ್ಲಿ 682 ಕಾರ್ಖಾನೆಗಳಿದ್ದವು. 1949ರ ನವೆಂಬರಿನ ಪೀಟರ್ಸ್‌ಬರ್ಗ್ ಒಪ್ಪಂದ ದೊಡ್ಡ ದೊಡ್ಡವನ್ನೇ ಪಟ್ಟಿಯಿಂದ ಕೈಬಿಟ್ಟಿತು. 1950ರ ಮಾರ್ಚಿನಲ್ಲಿ ಸಾಲ್ಟ್ಸ್‌ಗಿಟ್ಟರಿನ ಕಾರ್ಮಿಕರು ಬಿಚ್ಚಲು ಬಂದವರಿಗೆ ಅಡ್ಡ ನಿಂತರು. ಅವರನ್ನು ನಾನು ದೂರಲಾರೆ. ಕಾರ್ಖಾನೆ ಹೋದರೆ ಉಪವಾಸ ಬೀಳುವುದು ಮಾಲೀಕನ ಮಕ್ಕಳಲ್ಲ.

ಮಾಲೀಕನ ಕಥೆ ಬೇರೆ. ಕ್ರುಪ್ ಕಂಪನಿಯ ಬೋರ್ಬೆಕ್ ಉಕ್ಕಿನ ಕಾರ್ಖಾನೆ ಬಿಚ್ಚಿ ರಷ್ಯಕ್ಕೆ ಹೋಯಿತು. ಬಲವಂತದ ದುಡಿಮೆ ಮತ್ತು ಲೂಟಿಯ ಅಪರಾಧಕ್ಕೆ 1948ರಲ್ಲಿ ಅಲ್ಫ್ರೀಡ್ ಕ್ರುಪ್‌ಗೆ 12 ವರ್ಷ ಜೈಲು, ಆಸ್ತಿ ಮುಟ್ಟುಗೋಲು. ಮೂರೇ ವರ್ಷ; 1951ರಲ್ಲಿ ಬಿಡುಗಡೆಯೂ ಆಯಿತು, ಆಸ್ತಿಯೂ ವಾಪಸು ಬಂತು. ಉಂಡೂ ಹೋದ, ಕೊಂಡೂ ಹೋದ. 1959ರಲ್ಲಿ ಕುಲುಮೆ ಹೊತ್ತಿದ ನಮ್ಮ ರೂರ್ಕೆಲಾ ಉಕ್ಕಿನ ಕಾರ್ಖಾನೆಯನ್ನು ಕಟ್ಟಲು ಬಂದದ್ದೂ ಕ್ರುಪ್ ಮತ್ತು ಡೆಮಾಗ್ ಕಂಪನಿಗಳೇ. ಅದಕ್ಕಾಗಿ ನೆಲ ಬಿಟ್ಟವರು ಆದಿವಾಸಿಗಳು.

ಮತ್ತೆ ಆ ದುಡಿದವರು? 1953ರ ಲಂಡನ್ ಸಾಲ ಒಪ್ಪಂದ ಅವರ ಬೇಡಿಕೆಯನ್ನು ಅಂತಿಮ ತೀರ್ಮಾನದವರೆಗೆ ಮುಂದೂಡಿತು. ಆ ಅಂತಿಮ ದಿನ ಬರಲೇ ಇಲ್ಲ. 2000ದಲ್ಲಿ, ಅರ್ಧ ಶತಮಾನ ಕಳೆದ ಮೇಲೆ, ಜರ್ಮನ್ ಸರ್ಕಾರ ಮತ್ತು ಕಂಪನಿಗಳು 1,000 ಕೋಟಿ ಮಾರ್ಕಿನ ನಿಧಿ ಮಾಡಿದವು. 2007ರ ಹೊತ್ತಿಗೆ ಸುಮಾರು 16.6 ಲಕ್ಷ ಜನರಿಗೆ ಹಣ ತಲುಪಿತು. ಒಬ್ಬರಿಗೆ ಹೆಚ್ಚೆಂದರೆ 15,000 ಮಾರ್ಕು. ಬೇರೆಯವರ ಹೊಲದಲ್ಲಿ ದುಡಿದವರು ಆ ಕಾನೂನಿನ ಮೂಲ ಪಟ್ಟಿಯಲ್ಲೇ ಇರಲಿಲ್ಲ. ವಿನಾಯಿತಿಯ ಬಾಗಿಲಿನಿಂದ ಒಳಬರಬೇಕಾಯಿತು.

ಹೊಲದವರು, ತೋಟದವರು ಎಲ್ಲ ಕಡೆಯೂ ಕೊನೆಗೇ. ಈಗ ನಮ್ಮ ಬೆಟ್ಟಕ್ಕೆ ಬನ್ನಿ. ಅದೇ ಯುದ್ಧ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ಕಾಫಿ ಕೇಳುವವರಿಲ್ಲದಾಯಿತು. ಪ್ಲಾಂಟರುಗಳು ಮುಳುಗಬಾರದೆಂದು 1942ರಲ್ಲೇ ಕಾಫಿ ಕಾಯ್ದೆ ಬಂತು; ಕಾಫಿಯನ್ನೆಲ್ಲ ಮಂಡಳಿ ಒಟ್ಟುಮಾಡಿ ಮಾರಿ ಬೆಳೆಗಾರರನ್ನು ಕಾಪಾಡಿತು. ಗಿಡದ ಬುಡದಲ್ಲಿ ಬಗ್ಗಿದವರಿಗೆ ಮನೆ, ನೀರು, ಔಷಧಿ ಕೊಡಬೇಕೆಂಬ ತೋಟ ಕಾರ್ಮಿಕರ ಕಾಯ್ದೆ ಬಂದದ್ದು 1951ರಲ್ಲಿ. ಬೀಜಕ್ಕೂ ಬೆವರಿಗೂ ನಡುವೆ ಒಂಬತ್ತು ವರ್ಷ. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಉಳುವವನೇ ಹೊಲದೊಡೆಯ ಎಂದಾಗ ನಮ್ಮವರಿಗೂ ಆಸೆ ಹುಟ್ಟಿತ್ತು. ಕಾಫಿ ತೋಟಗಳು ಮಿತಿಯಿಂದ ಹೊರಗುಳಿದವು.

ಜರ್ಮನಿಯ ದುಃಖವೂ ನಮ್ಮದೂ ಒಂದೇ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಬರೆಯುವ ಕ್ರಮ ಒಂದೇ ಅಂತ ಹೇಳುತ್ತಿದ್ದೇನೆ. ಮೊದಲು ಯಂತ್ರ, ಆಮೇಲೆ ಮಾಲೀಕ, ಪುಟದಲ್ಲಿ ಜಾಗ ಮಿಕ್ಕರೆ ಮನುಷ್ಯ.

ಆ ನಿಧಿಯ ಹಣ ಕೇಳಲು ಹೋದ ಮುದುಕ ಮುದುಕಿಯರಿಗೆ, ದುಡಿದದ್ದಕ್ಕೆ ಪುರಾವೆ ತನ್ನಿ ಅಂದರು. ನಾಳೆ ನಮಗೂ ಹಾಗೆ ಕೇಳುತ್ತಾರೆ. ಗೆಳೆಯರೇ, ನಿಮ್ಮ ಹಟ್ಟಿಯಲ್ಲಿ, ನಿಮ್ಮ ಲೈನಿನಲ್ಲಿ ಹಳಬರು ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಕೇಳಿ. ಯಾವ ತೋಟ, ಯಾವ ಮೇಸ್ತ್ರಿ, ದಿನಕ್ಕೆ ಎಷ್ಟು ಕೂಲಿ, ಮುಂಗಡ ಎಷ್ಟು, ತೀರಿದ್ದು ಯಾವಾಗ, ಸತ್ತ ಮಕ್ಕಳು ಎಷ್ಟು. ಬರೆದುಕೊಳ್ಳಿ, ತಾರೀಖು ಹಾಕಿ. ರೈಟ್ರು ಬರೆಯದೆ ಬಿಟ್ಟ ಪುಟ ಅದು. ನಮ್ಮಜ್ಜಿಯ ಲೈನಿನಲ್ಲಿ ಹದಿನಾಲ್ಕು ಒಲೆ ಉರಿಯುತ್ತಿದ್ದವು. ನಾನು ಬರೆದಿಟ್ಟುಕೊಂಡಿದ್ದೇನೆ.