ಹುಟ್ಟಿದ ತಾರೀಖು

ಒಂಟಿಕೊಪ್ಪಲ್ ಎಂದೊಡನೆ ನಾಡಿನ ಎಷ್ಟೋ ಮನೆಗಳಲ್ಲಿ ನೆನಪಾಗುವುದು ಪಂಚಾಂಗ. ಮಗು ಹುಟ್ಟಿದ ಗಳಿಗೆ, ನಕ್ಷತ್ರ ನೋಡಿ ಜಾತಕ ಬರೆಸುವುದು ನಮ್ಮ ಹಳೆಯ ರೂಢಿ. ಅದನ್ನು ನಂಬುವವರೂ ಉಂಟು, ನಗುವವರೂ ಉಂಟು. ಆದರೆ ಹುಟ್ಟಿದ ತಾರೀಖು ನೋಡಿ ಹಣೆಬರಹ ಹೇಳುವ ಇನ್ನೊಂದು ಹೊತ್ತಗೆಯಿದೆ, ಅದನ್ನು ನಕ್ಕು ತಳ್ಳುವಂತಿಲ್ಲ. ಅದು 1955ರ ಪೌರತ್ವ ಕಾಯ್ದೆ. ಅದರ ಬಿಸಿ ಏನೆಂದು ತಿಳಿಯಬೇಕಾದರೆ ನಾವು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಬೈಲಕುಪ್ಪೆಯೇ ಸಾಕು.

ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಅಲ್ಲಿಯ ಚಿನ್ನದ ಬಣ್ಣದ ಬುದ್ಧನನ್ನು ತೋರಿಸಿ ಬರುತ್ತೇವೆ. ಆ ಜನ ಬಂದ ಕಥೆಯನ್ನು ಮಾತ್ರ ಹೇಳುವುದು ಕಡಿಮೆ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಹಿಮಾಲಯ ದಾಟಿದರು. ಇಷ್ಟು ಜನಕ್ಕೆ ಎಲ್ಲಿ ನೆಲೆ? ನೆಹರೂ ಸರ್ಕಾರ ರಾಜ್ಯಗಳನ್ನು ಕೇಳಿತು. ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಹಿಮದ ನಾಡಿನವರು ಇಲ್ಲಿಯ ಬಿಸಿಲಲ್ಲಿ ಕಾಡು ಕಡಿದು, ಆನೆಗಳ ಕಾಟ ಸಹಿಸಿ ಜೋಳ ಬೆಳೆದರು. ಮುಂದೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲೂ ವಸಾಹತುಗಳಾದವು.

ನೆಲವೇನೋ ಸಿಕ್ಕಿತು. ಆದರೆ ಕಾಗದದ ಮೇಲೆ ಅವರು ಯಾರು? ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅಂಥವರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಇದ್ದದ್ದು ಬ್ರಿಟಿಷರು ಬಿಟ್ಟುಹೋದ 1939ರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆ. ಅವುಗಳ ಕಣ್ಣಿಗೆ ಅರಮನೆ ನೋಡಲು ಬಂದವನೂ ಪ್ರಾಣ ಉಳಿಸಿಕೊಳ್ಳಲು ಬಂದವಳೂ ಒಂದೇ, ಇಬ್ಬರೂ ವಿದೇಶಿಯರು. ಹಾಗಾಗಿ ಟಿಬೆಟನ್ನರ ಕೈಗೆ ಬಂದದ್ದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ.

ಅವರ ಮಕ್ಕಳು ಇಲ್ಲಿಯೇ ಹುಟ್ಟಿದರಲ್ಲ? ಜಾತಕ ನೋಡಬೇಕಾದದ್ದು ಇಲ್ಲೇ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು, ಕೆಲವೇ ಅಪವಾದ ಬಿಟ್ಟರೆ, ಹುಟ್ಟಿನಿಂದಲೇ ಪೌರರು. ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿ. ಒಬ್ಬರು ಪೌರರಾಗಿದ್ದು ಮತ್ತೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. 1986ರ ತಿದ್ದುಪಡಿಯ ಹಿಂದೆ ಇದ್ದದ್ದು ಬಾಂಗ್ಲಾ ಮುಂತಾದ ದೇಶಗಳಿಂದ ಬರುವವರ ಚಿಂತೆ. ಅದರ ನೆರಳು ಬೈಲಕುಪ್ಪೆಯ ತೊಟ್ಟಿಲ ಮೇಲೂ ಬಿತ್ತು. ಟಿಬೆಟ್‌ನಿಂದ ಬಂದ ದಂಪತಿಗೆ ಇಬ್ಬರು ಹೆಣ್ಣುಮಕ್ಕಳು ಎಂದುಕೊಳ್ಳಿ. ಅಕ್ಕ ಹುಟ್ಟಿದ್ದು 1987ರ ಜೂನ್‌ನಲ್ಲಿ, ತಂಗಿ 1989ರಲ್ಲಿ. ಒಂದೇ ಒಲೆಯ ಅನ್ನ ಉಂಡರೂ ಅಕ್ಕ ಭಾರತೀಯಳು, ತಂಗಿ ವಿದೇಶಿ!

ಕಾಯ್ದೆಯಲ್ಲಿದ್ದ ಮಾತ್ರಕ್ಕೆ ಹಕ್ಕು ಕೈಗೆ ಬರಲಿಲ್ಲ. 1986ರಲ್ಲಿ ಕಾಂಗ್ರಾದಲ್ಲಿ ಹುಟ್ಟಿದ ನಾಮ್‌ಗ್ಯಾಲ್ ಡೋಲ್ಕರ್ ಎಂಬಾಕೆ ಪಾಸ್‌ಪೋರ್ಟ್ ಕೇಳಿದಾಗ ನೀನು ಟಿಬೆಟಿನವಳು ಎಂದು ನಿರಾಕರಿಸಲಾಯಿತು. ಆಕೆ ಸುಮ್ಮನಾಗದೆ ದೆಹಲಿ ಹೈಕೋರ್ಟಿಗೆ ಹೋದಳು. 2010ರ ಡಿಸೆಂಬರ್‌ನಲ್ಲಿ ಕೋರ್ಟು, ಈಕೆ ಹುಟ್ಟಿನಿಂದಲೇ ಭಾರತೀಯಳು ಎಂದಿತು. ಒಬ್ಬ ಹೆಣ್ಣುಮಗಳ ಹಟ ಸಾವಿರಾರು ಜನಕ್ಕೆ ದಾರಿಯಾಯಿತು.

2025ರ ಸೆಪ್ಟೆಂಬರ್ 1ರಂದು 1939ರ ಮತ್ತು 1946ರ ಕಾಯ್ದೆಗಳೂ ಸೇರಿ ನಾಲ್ಕು ಹಳೆಯ ಕಾಯ್ದೆಗಳು ಹೋಗಿ ಒಂದೇ ಹೊಸ ಕಾಯ್ದೆ ಬಂದಿದೆ. ಪೌರರಲ್ಲದವರೆಲ್ಲ ವಿದೇಶಿಯರು ಎಂಬ ಮೂಲ ಮಾತು ಹಾಗೆಯೇ ಉಳಿದಿದೆ.

ಗಡಿಗೆ ಬಾಗಿಲು ಬೇಡವೆಂದು ನಾನು ಹೇಳಲಾರೆ. ಮನೆಯೆಂದ ಮೇಲೆ ಅಗುಳಿಯೂ ಬೇಕು. ತಮ್ಮ ನಾಡಿನ ಮೇಲಿನ ಹಕ್ಕು ಸಡಿಲವಾದೀತೆಂದು ಭಾರತದ ಪೌರತ್ವವೇ ಬೇಡವೆನ್ನುವ ಟಿಬೆಟನ್ನರೂ ಅನೇಕರಿದ್ದಾರೆ. ಅವರ ಆ ಮನಸ್ಸಿಗೂ ಗೌರವ ಸಲ್ಲಬೇಕು. ಆದರೆ ಬೇಕು, ಬೇಡ ಎನ್ನುವ ಆಯ್ಕೆ ಅಕ್ಕನಿಗಿರುವ ಹಾಗೆ ತಂಗಿಗೂ ಇರಬೇಡವೇ? ಹುಟ್ಟುವ ದಿನವನ್ನು ಯಾವ ಮಗುವೂ ಆರಿಸಿಕೊಂಡು ಬರುವುದಿಲ್ಲ.